ಲ್ಯಾಪ್‌ಟಾಪ್ ಬಿಸಾಕ್ಬೇಡಿ, ಮೊದ್ಲು ನುಡಿ ಫೈಲ್ ಸರಿ ಮಾಡ್ಕೊಳ್ಳಿ

ಸಂಪಾದಕರಿಗೆ ನಮಸ್ಕಾರ.

ವಿಂಡೋಸ್ 10ಕ್ಕೆ ಸಪೋರ್ಟ್ ನಿಂತೋಗಿದೆ, ಹಳೇ ಕಂಪ್ಯೂಟರ್ ಇಟ್ಕೊಂಡಿರೋರು ಹೊಸದು ತಗೊಳ್ಳೋದೇ ವಾಸಿ ಅನ್ನೋ ಥರದ ಬರಹ ನಿಮ್ಮ ಪೇಪರ್‌ನಲ್ಲಿ ಬಂದಿತ್ತು. ಅದನ್ನ ಓದ್ಕೊಂಡು ನಮ್ಮ ಕಡೆ ಜನ ಅಂಗಡಿಗೆ ಬಂದು ಲ್ಯಾಪ್‌ಟಾಪ್ ಮಾರ್ಬಿಡ್ಲಾ ಅಂತ ಕೇಳ್ತಿದಾರೆ. ನಾನು ತಿಪಟೂರಲ್ಲಿ ಡಿಟಿಪಿ, ಜೆರಾಕ್ಸ್ ಕೆಲಸ ಮಾಡೋನು, ಜೊತೆಗೆ ಗೊತ್ತಿರೋರ ಸಿಸ್ಟಮ್‌ಗೆ ಓಎಸ್ (ಕಂಪ್ಯೂಟರ್ ಓಡಿಸೋ ವಿಂಡೋಸ್ ಥರದ ಮೂಲ ಸಾಫ್ಟ್‌ವೇರ್) ಹಾಕ್ಕೊಡೋದೂ ಇದೆ. ಹಂಗಾಗಿ ಈ ಪತ್ರ. ಸ್ವಲ್ಪ ಉದ್ದ ಆಗುತ್ತೆ, ಕತ್ತರಿ ಹಾಕೋದಿದ್ರೆ ಎಲ್ಲಾದ್ರೂ ಹಾಕಿ, ಆದ್ರೆ ಕೊನೇಲಿ ಕನ್ನಡ ಟೈಪ್ ಮಾಡೋ ನುಡಿ ಸಾಫ್ಟ್‌ವೇರ್ ಬಗ್ಗೆ ಬರ್ದಿರೋದನ್ನ ಬಿಡ್ಬೇಡಿ, ನಾನು ಹೇಳ್ಬೇಕು ಅಂತ ಕೂತಿರೋದೇ ಅದಕ್ಕೆ.

ಮೊದ್ಲು ನಿಂತಿದ್ದೇನು ಅಂತ ನೋಡೋಣ. 2015ರ ಜುಲೈ 29ಕ್ಕೆ ಬಂದ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನವ್ರು 2025ರ ಅಕ್ಟೋಬರ್ 14ರಿಂದ ಮಾಮೂಲಿ ಅಪ್ಡೇಟ್ ಕೊಡೋದು ನಿಲ್ಲಿಸಿದ್ರು. (ಅದು ಬರೋಕೆ ಸ್ವಲ್ಪ ಮುಂಚೆ ಇದೇ ಕೊನೇ ವಿಂಡೋಸ್ ಅಂತ ಅವ್ರ ಕಂಪನಿಯೋರೇ ಒಬ್ರು ಸ್ಟೇಜ್ ಮೇಲೆ ಹೇಳಿದ್ರು. 2021ರ ಅಕ್ಟೋಬರ್‌ಗೆ 11 ಬಂತು. ಇರ್ಲಿ ಬಿಡಿ.) ಅಪ್ಡೇಟ್ ನಿಂತ ದಿನ ಯಾರ ಕಂಪ್ಯೂಟರೂ ಆಫ್ ಆಗ್ಲಿಲ್ಲ, ಇವತ್ತಿಗೂ ಆನ್ ಆಗುತ್ತೆ, ಪ್ರಿಂಟ್ ಬರುತ್ತೆ, ಯೂಟ್ಯೂಬ್ ಓಡುತ್ತೆ, ಅದಕ್ಕೇ ಬಹಳ ಜನ ಏನೂ ಆಗಿಲ್ವಲ್ಲ ಅಂತ ಸುಮ್ನಿದಾರೆ. ಆದ್ರೆ ಇನ್ಮೇಲೆ ಅದ್ರಲ್ಲಿ ಯಾವ್ದಾದ್ರೂ ಲೋಪ ಕಂಡುಬಂದ್ರೆ ಅದನ್ನ ಮುಚ್ಚೋ ಪ್ಯಾಚ್ ತಾನಾಗೇ ಬರಲ್ಲ. 2017ರ ಮೇನಲ್ಲಿ ವನ್ನಾಕ್ರೈ ಅಂತ ಒಂದು ವೈರಸ್ ಬಂದು ಇಂಗ್ಲೆಂಡಿನ ಆಸ್ಪತ್ರೆಗಳ ಕೆಲಸ ನಿಲ್ಲಿಸಿದ್ದು, ಆಂಧ್ರದಲ್ಲಿ ಪೊಲೀಸ್‌ನೋರ ಕಂಪ್ಯೂಟರ್‌ಗಳಿಗೂ ತಗುಲಿದ್ದು ಕೆಲವ್ರಿಗಾದ್ರೂ ನೆನಪಿರ್ಬೇಕು. ಅದಕ್ಕೆ ಬೇಕಾದ ಪ್ಯಾಚ್ ಮಾರ್ಚ್‌ನಲ್ಲೇ ಬಂದಿತ್ತು, ಹಾಕ್ಕೊಳ್ದೇ ಇದ್ದೋರಿಗೆ ಹೊಡೆತ ಬಿತ್ತು. ಮನೇಲಿ ಸಿನಿಮಾ ನೋಡೋಕೆ ಮಾತ್ರ ಇಟ್ಟಿರೋ ಸಿಸ್ಟಮ್ ಆದ್ರೆ ಬೇರೆ ಮಾತು, ನೆಟ್ ಬ್ಯಾಂಕಿಂಗ್ ಮಾಡೋ ಸಿಸ್ಟಮ್‌ನ ಹಿಂಗೇ ಬಿಡೋದು ಬೇಡ.

ಸರಿ, 11ಕ್ಕೆ ಹೋಗೋಣ ಅಂದ್ರೆ ಎಲ್ರಿಗೂ ಆಗಲ್ಲ. 4 ಜಿಬಿ ರ್‍ಯಾಮ್, 64 ಜಿಬಿ ಜಾಗ ಅನ್ನೋದು ದೊಡ್ಡ ವಿಷ್ಯ ಅಲ್ಲ, ತೊಂದ್ರೆ ಇರೋದು ಎರಡು ಕಡೆ. ಒಂದು ಟಿಪಿಎಂ 2.0, ಅಂದ್ರೆ ಕೀಗಳನ್ನ ಬಚ್ಚಿಡೋ ಸಣ್ಣ ಸೆಕ್ಯುರಿಟಿ ಚಿಪ್, ಅದು ಮದರ್‌ಬೋರ್ಡ್ ಮೇಲೆ ಬೇರೆಯಾಗಿ ಇರ್ಬೋದು ಅಥ್ವಾ ಪ್ರೊಸೆಸರ್ ಒಳಗೇ ಇರ್ಬೋದು. ಇನ್ನೊಂದು ಪ್ರೊಸೆಸರ್ ಜನರೇಷನ್. ಇಂಟೆಲ್ ಆದ್ರೆ ಹೆಚ್ಚುಕಮ್ಮಿ 8ನೇ ಜನರೇಷನ್‌ನಿಂದ ಈಚೆಗೆ, ರೈಜನ್ ಆದ್ರೆ 2000 ಸೀರೀಸ್‌ನಿಂದ ಈಚೆಗೆ ಇರ್ಬೇಕು. ಐ5 7200ಯು ಅಂತ ಇದ್ರೆ ಅದು 7ನೇದು, ಔಟ್. 8250ಯು ಅಂತ ಇದ್ರೆ 8ನೇದು, ಪಾಸ್. ಎರಡಕ್ಕೂ ವಯಸ್ಸಲ್ಲಿ ಒಂದು ವರ್ಷದ ಮೇಲೆ ವ್ಯತ್ಯಾಸ ಇಲ್ಲ! ಕೊರೊನಾ ಟೈಮ್‌ನಲ್ಲಿ ಮಕ್ಕಳ ಆನ್‌ಲೈನ್ ಕ್ಲಾಸ್‌ಗೆ ಅಂತ ಬೆಂಗಳೂರಿಂದ ಸೆಕೆಂಡ್‌ಹ್ಯಾಂಡ್ ಥಿಂಕ್‌ಪ್ಯಾಡು, ಡೆಲ್ ಲ್ಯಾಟಿಟ್ಯೂಡು ತಂದೋರು ಎಷ್ಟೋ ಜನ ಇದಾರಲ್ಲ, ಅವು ಜಾಸ್ತಿ 5ನೇದೋ 6ನೇದೋ ಜನರೇಷನ್, ಕಂಪನಿ ಮಾಲು, ಕೀಬೋರ್ಡ್ ಇವತ್ತಿಗೂ ಗಟ್ಟಿಮುಟ್ಟು, ಕೆಲವಕ್ಕೆ ಟಿಪಿಎಂ ಕೂಡ ಇದೆ, ಆದ್ರೂ ಪ್ರೊಸೆಸರ್ ಮೈಕ್ರೋಸಾಫ್ಟ್‌ನವ್ರ ಲಿಸ್ಟ್‌ನಲ್ಲಿಲ್ಲ ಅನ್ನೋ ಒಂದೇ ಕಾರಣಕ್ಕೆ ಆಚೆ. ಇದು ನನ್ಗೆ ಅನ್ಯಾಯ ಅನ್ಸುತ್ತೆ.

ಆಗುತ್ತೋ ಇಲ್ವೋ ಅಂತ ನೋಡೋದು ಸುಲಭ. ಮೈಕ್ರೋಸಾಫ್ಟ್‌ನವ್ರದ್ದೇ ಪಿಸಿ ಹೆಲ್ತ್ ಚೆಕ್ ಅನ್ನೋ ಪ್ರೋಗ್ರಾಂ ಇದೆ, ಪುಕ್ಕಟೆ, ಓಡಿಸಿದ್ರೆ ಯಾವ್ದು ಇದೆ ಯಾವ್ದು ಇಲ್ಲ ಅಂತ ಹೇಳುತ್ತೆ. ಅದು ಟಿಪಿಎಂ ಇಲ್ಲ ಅಂದ ತಕ್ಷಣ ಕೈ ಬಿಡ್ಬೇಡಿ, ಡೆಸ್ಕ್‌ಟಾಪ್‌ಗಳಲ್ಲಿ ಅದು ಇದ್ದೂ ಬಯಾಸ್‌ನಲ್ಲಿ (ವಿಂಡೋಸ್ ಶುರುವಾಗೋಕೆ ಮುಂಚೆ ತೆಗೆಯೋ ಸೆಟ್ಟಿಂಗ್ಸ್) ಎಷ್ಟೋ ಸಲ ಆಫ್ ಆಗಿರುತ್ತೆ. ಇಂಟೆಲ್ ಬೋರ್ಡ್‌ನಲ್ಲಿ ಪಿಟಿಟಿ ಅಂತ, ಎಎಂಡಿನಲ್ಲಿ ಎಫ್‌ಟಿಪಿಎಂ ಅಂತ ಹೆಸರಿರುತ್ತೆ, ಅದನ್ನ ಆನ್ ಮಾಡಿ ಸೇವ್ ಮಾಡಿ. ಬಯಾಸ್‌ಗೆ ಹೋಗೋಕೆ ಡೆಲ್‌ನಲ್ಲಿ ಎಫ್2, ಎಚ್‌ಪಿನಲ್ಲಿ ಎಫ್10. ಹಳೇ ರೀತಿ ಲೆಗಸಿ ಮೋಡ್‌ನಲ್ಲಿ ಓಎಸ್ ಹಾಕಿದ್ರೆ ಡಿಸ್ಕ್ ಎಂಬಿಆರ್ ಅನ್ನೋ ಹಳೇ ಕ್ರಮದಲ್ಲಿರುತ್ತೆ, 11ಕ್ಕೆ ಜಿಪಿಟಿ ಅನ್ನೋ ಹೊಸ ಕ್ರಮ ಬೇಕು, ಅದನ್ನ ಡೇಟಾ ಅಳಿಸದೇನೇ ಬದಲಾಯಿಸೋ ಟೂಲು ವಿಂಡೋಸ್ 10ರಲ್ಲೇ ಇದೆ. ಆದ್ರೆ ಅದು ಕಮಾಂಡ್ ಕೊಟ್ಟು ಮಾಡೋ ಕೆಲಸ, ಅಭ್ಯಾಸ ಇಲ್ದೋರು ಗೊತ್ತಿರೋರನ್ನ ಪಕ್ಕದಲ್ಲಿ ಕೂರಿಸ್ಕೊಂಡು ಮಾಡಿ. ಎಲ್ಲಾ ಸರಿ ಇದ್ರೆ 10ರಿಂದ 11ಕ್ಕೆ ದುಡ್ಡು ಕೊಡೋದೇನಿಲ್ಲ, ಲೈಸೆನ್ಸು ಬೋರ್ಡ್ ಜೊತೆ ಸೇರ್ಕೊಂಡಿರುತ್ತೆ, ತಾನೇ ಆಕ್ಟಿವೇಟ್ ಆಗುತ್ತೆ. ಫೈಲು, ಪ್ರೋಗ್ರಾಂ ಎಲ್ಲಾ ಇದ್ದಂಗೇ ಇಟ್ಕೊಂಡು ಅಪ್‌ಗ್ರೇಡ್ ಮಾಡೋ ಆಯ್ಕೆ ಇದೆ. ಇಷ್ಟ ಆಗ್ಲಿಲ್ಲ ಅಂದ್ರೆ 10 ದಿನದೊಳಗೆ ಸೆಟ್ಟಿಂಗ್ಸ್‌ನಿಂದಾನೇ ವಾಪಸ್ 10ಕ್ಕೆ ಹೋಗ್ಬೋದು, ಆಮೇಲೆ 10ರ ಫೈಲ್ ಇಟ್ಟಿರೋ ಹಳೇ ಫೋಲ್ಡರ್‌ನ ವಿಂಡೋಸೇ ಅಳಿಸುತ್ತೆ.

ಲಿಸ್ಟ್‌ನಲ್ಲಿ ಇಲ್ದೇ ಇರೋ ಸಿಸ್ಟಮ್‌ಗೂ ರೂಫಸ್ ಅನ್ನೋ ಸಾಫ್ಟ್‌ವೇರಲ್ಲಿ ಪೆನ್‌ಡ್ರೈವ್ ಮಾಡಿ, ಚೆಕ್ ತಪ್ಪಿಸಿ 11 ಹಾಕ್ತಾರೆ. ಓಡುತ್ತೆ, ಇಲ್ಲ ಅನ್ನಲ್ಲ. ಆದ್ರೆ ಹಿಂಗೆ ಹಾಕಿದ್ದಕ್ಕೆ ಅಪ್ಡೇಟ್ ಕೊಟ್ಟೇ ಕೊಡ್ತೀವಿ ಅಂತ ಮೈಕ್ರೋಸಾಫ್ಟ್ ಒಪ್ಕೊಂಡಿಲ್ಲ, ವರ್ಷಕ್ಕೊಂದು ಬರೋ ದೊಡ್ಡ ವರ್ಷನ್ನು ತಾನಾಗೇ ಬರಲ್ಲ, ಪ್ರತಿ ಸಲ ಪೆನ್‌ಡ್ರೈವ್ ಹಿಡ್ಕೊಂಡು ಕೂರ್ಬೇಕು. ಮನೇಲಿ ಕಂಪ್ಯೂಟರ್ ಗೊತ್ತಿರೋ ಹುಡುಗ್ರಿದ್ರೆ ಸರಿ, ರಿಟೈರ್ ಆದ ಮೇಷ್ಟ್ರಿಗೆ ನಾನು ಇದನ್ನ ಹಾಕ್ಕೊಡಲ್ಲ.

ಇನ್ನೊಂದು ದಾರಿ ನಿಮ್ಮ ಬರಹದಲ್ಲಿ ಬರ್ಲೇ ಇಲ್ಲ, ಅದಕ್ಕೆ ನನ್ಗೆ ಬೇಜಾರು. ಮನೆ ಬಳಕೆದಾರ್ರಿಗೆ 10ರ ಮೇಲೇ ಇನ್ನೂ ಒಂದು ವರ್ಷ, ಅಂದ್ರೆ 2026ರ ಅಕ್ಟೋಬರ್ 13ರ ತನಕ ಸೆಕ್ಯುರಿಟಿ ಅಪ್ಡೇಟ್ ಸಿಗುತ್ತೆ, ಇಎಸ್‌ಯು ಅಂತಾರೆ. 22ಎಚ್2 ವರ್ಷನ್ ಇರ್ಬೇಕು, ಮೈಕ್ರೋಸಾಫ್ಟ್ ಅಕೌಂಟ್‌ನಲ್ಲಿ ಸೈನ್ ಇನ್ ಆಗ್ಬೇಕು, ಆಮೇಲೆ ವಿಂಡೋಸ್ ಅಪ್ಡೇಟ್ ಪೇಜ್‌ನಲ್ಲೇ ಎನ್‌ರೋಲ್ ಅಂತ ಬರುತ್ತೆ. 30 ಡಾಲರ್ ಅಥ್ವಾ ಅದಕ್ಕೆ ಸಮನಾದ ರೇಟ್ ತೋರಿಸುತ್ತೆ, ಅದನ್ನ ನೋಡಿ ಹೆದರ್ಕೊಂಡು ಬಿಟ್ಬಿಡ್ತಾರೆ ಜನ, ಆದ್ರೆ ಸೆಟ್ಟಿಂಗ್ಸ್ ಬ್ಯಾಕಪ್ ಆನ್ ಮಾಡಿದ್ರೆ ಪುಕ್ಕಟೆ. ಒಂದು ಲೈಸೆನ್ಸು ಅದೇ ಅಕೌಂಟ್‌ನ 10 ಕಂಪ್ಯೂಟರ್ ತನಕ ಆಗುತ್ತೆ. ಇದನ್ನಾದ್ರೂ ಒಂದು ಬಾಕ್ಸ್ ಮಾಡಿ ಪ್ರಿಂಟ್ ಮಾಡಿ ಸಾರ್, ಎಷ್ಟೋ ಮನೆಗೆ ಉಪಕಾರ ಆಗುತ್ತೆ. ಕೆಲವ್ರು ಇನ್ನೂ 1909, 2004 ಅನ್ನೋ ಹಳೇ ವರ್ಷನ್‌ಗಳಲ್ಲೇ ನಿಂತಿರ್ತಾರೆ, ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಡೇಟಾ ಖಾಲಿ ಆಗುತ್ತೆ ಅಂತ ಅಪ್ಡೇಟ್ ಆಫ್ ಮಾಡ್ಸಿರ್ತಾರೆ, ಅವ್ರು ಮೊದ್ಲು 22ಎಚ್2ಗೆ ಬರ್ಬೇಕು.

ಫಾರ್ಮ್ಯಾಟ್ ಹೊಡ್ಸೋರಿಗೆ ಒಂದು ಮಾತು. ಮುನ್ನೂರೋ ಐನೂರೋ ತಗೊಂಡು ಲೈಫ್‌ಟೈಮ್ ಆಕ್ಟಿವೇಷನ್ ಅಂತ ಹಾಕ್ಕೊಡ್ತಾರಲ್ಲ, ಅದು ಕ್ರ್ಯಾಕು, ಅಂದ್ರೆ ಲೈಸೆನ್ಸ್ ಇಲ್ದೇ ಓಡಿಸೋ ಕಳ್ಳದಾರಿ. ಅದು ಕೆಲಸ ಮಾಡ್ಲಿ ಅಂತ ಮೊದ್ಲು ಆಂಟಿವೈರಸ್‌ನ ಆಫ್ ಮಾಡ್ತಾರೆ, ಬಹಳ ಸಲ ಅದನ್ನ ವಾಪಸ್ ಆನ್ ಮಾಡೋದೇ ಇಲ್ಲ. ಅಪ್ಡೇಟ್ ಕೂಡ ಬ್ಲಾಕ್ ಮಾಡಿ ಕೊಡ್ತಾರೆ. ಅಲ್ಲಿಗೆ ಹೊಸ ಓಎಸ್ ಹಾಕ್ಸಿ ಏನು ಬಂತು? ತಮಾಷೆ ಏನಂದ್ರೆ ಎಷ್ಟೋ ಲ್ಯಾಪ್‌ಟಾಪ್ ಜೊತೆ ಒರಿಜಿನಲ್ ವಿಂಡೋಸ್ ಬಂದಿರುತ್ತೆ, ಅದರ ಲೈಸೆನ್ಸ್ ಕೀ ಮದರ್‌ಬೋರ್ಡ್‌ನಲ್ಲೇ ಕೂತಿರುತ್ತೆ, ಅದೇ ಎಡಿಷನ್, ಅಂದ್ರೆ ಹೋಮ್ ಇದ್ರೆ ಹೋಮ್ ಹಾಕಿದ್ರೆ ತಾನೇ ಆಕ್ಟಿವೇಟ್ ಆಗುತ್ತೆ. ಅಂಗಡಿಯವ್ರು ಎಲ್ರಿಗೂ ಪ್ರೋ ಹಾಕ್ತಾರೆ, ಅದು ಆಕ್ಟಿವೇಟ್ ಆಗಲ್ಲ, ಅದಕ್ಕೆ ಕ್ರ್ಯಾಕು. ಕೊಡೋವಾಗ್ಲೇ ಅಣ್ಣಾ ನಂದು ಹೋಮ್ ಇತ್ತು, ಅದೇ ಹಾಕಿ ಅಂತ ಬಾಯಿ ಬಿಟ್ಟು ಹೇಳಿ.

ಬ್ಯಾಕಪ್ ವಿಷ್ಯದಲ್ಲಿ ನಮ್ಮ ಜನಕ್ಕೆ ಒಂದು ನಂಬಿಕೆ ಇದೆ, ಡಿ ಡ್ರೈವ್‌ನಲ್ಲಿ ಹಾಕಿದ್ರೆ ಸೇಫ್ ಅಂತ. ಸಿ ಡ್ರೈವ್ ಒಂದನ್ನೇ ಫಾರ್ಮ್ಯಾಟ್ ಮಾಡಿದ್ರೆ ಡಿ ಉಳಿಯುತ್ತೆ ನಿಜ, ಆದ್ರೆ ಎರಡೂ ಇರೋದು ಒಂದೇ ಹಾರ್ಡ್‌ಡಿಸ್ಕ್‌ನಲ್ಲಿ, ಅದು ಕೈ ಕೊಟ್ರೆ ಎರಡೂ ಹೋಯ್ತು, ಇನ್‌ಸ್ಟಾಲ್ ಮಾಡೋವಾಗ ಯಾರೋ ಎಲ್ಲಾ ಪಾರ್ಟಿಷನ್ ಡಿಲೀಟ್ ಕೊಟ್ರೂ ಹೋಯ್ತು. ಬೇರೆ ಎಕ್ಸ್‌ಟರ್ನಲ್ ಡಿಸ್ಕೋ ಪೆನ್‌ಡ್ರೈವೋ ಬೇಕೇ ಬೇಕು. ಮತ್ತೆ ಜನ ಡಾಕ್ಯುಮೆಂಟ್ಸ್, ಫೋಟೋ ನೆನಪಿಟ್ಕೋತಾರೆ, ಡೆಸ್ಕ್‌ಟಾಪ್ ಮೇಲೆ ಬಿದ್ದಿರೋದು, ಡೌನ್‌ಲೋಡ್ಸ್, ಬ್ರೌಸರ್‌ನಲ್ಲಿ ಸೇವ್ ಆಗಿರೋ ಪಾಸ್‌ವರ್ಡು ಇವೆಲ್ಲಾ ಮರೀತಾರೆ. ಇಲ್ಲಿ ಕೊಬ್ಬರಿ ಮಂಡಿಯೋರು ಲೆಕ್ಕಕ್ಕೆ ಟ್ಯಾಲಿ ಸಾಫ್ಟ್‌ವೇರ್ ಇಟ್ಕೊಂಡಿರ್ತಾರೆ, ಅದ್ರ ಡೇಟಾ ಫೋಲ್ಡರ್ ತಾನಾಗೇ ಹೋಗಿ ಕೂರೋದು ಸಿ ಡ್ರೈವ್‌ನಲ್ಲೇ. ಫಾಂಟುಗಳೂ ಅಷ್ಟೇ, ವಿಂಡೋಸ್ ಫೋಲ್ಡರ್ ಒಳಗಿರುತ್ತೆ, ಫಾರ್ಮ್ಯಾಟ್ ಆದ್ಮೇಲೆ ಲಗ್ನಪತ್ರಿಕೆ ಫೈಲ್ ತೆಗುದ್ರೆ ಅಕ್ಷರದ ಬದಲು ಏನೇನೋ ಚಿಹ್ನೆ ಬರುತ್ತೆ.

ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಬಿಟ್‌ಲಾಕರ್ ಅಂತ ಇನ್ನೊಂದಿದೆ. ಮೈಕ್ರೋಸಾಫ್ಟ್ ಅಕೌಂಟ್‌ನಲ್ಲಿ ಸೆಟಪ್ ಮಾಡಿದ್ರೆ ಡಿಸ್ಕ್‌ಗೆ ತಾನೇ ಬೀಗ ಹಾಕ್ಕೊಳ್ಳುತ್ತೆ, ನಿಮ್ಗೆ ಗೊತ್ತೂ ಆಗಲ್ಲ. ಬಯಾಸ್‌ನಲ್ಲಿ ಏನಾದ್ರೂ ಬದಲಾಯಿಸಿದ್ರೆ 48 ಅಂಕಿಯ ರಿಕವರಿ ಕೀ ಕೇಳುತ್ತೆ. ಆ ಕೀ ನಿಮ್ಮ ಮೈಕ್ರೋಸಾಫ್ಟ್ ಅಕೌಂಟ್‌ನಲ್ಲಿರುತ್ತೆ, ಆದ್ರೆ ಆ ಅಕೌಂಟ್ ಅಂಗಡಿ ಹುಡುಗನ ಫೋನ್ ನಂಬರ್‌ನಲ್ಲಿ ಮಾಡ್ಸಿದ್ರೆ ಮುಗೀತು ಕಥೆ. ಅಕೌಂಟ್ ನಿಮ್ಮದೇ ಇರ್ಲಿ, ಕೀನ ಪೇಪರ್ ಮೇಲೆ ಬರ್ದು ಬೀರುನಲ್ಲಿಡಿ, ಆಮೇಲೆ ಬಯಾಸ್ ಮುಟ್ಟಿ. ಡೆಸ್ಕ್‌ಟಾಪ್ ಆದ್ರೆ ಯುಪಿಎಸ್ ಇಲ್ದೇ ಅಪ್‌ಗ್ರೇಡ್‌ಗೆ ಕೈ ಹಾಕ್ಬೇಡಿ, ನಮ್ಮ ಕಡೆ ಕರೆಂಟಿನ ಕಥೆ ಗೊತ್ತಲ್ಲ.

ಇನ್ನು ಸ್ಲೋ ಆಗಿದೆ ಅಂತ ಹೊಸದು ತಗೊಳ್ಳೋರು. ಹಾರ್ಡ್‌ಡಿಸ್ಕ್ ತೆಗ್ದು ಎಸ್‌ಎಸ್‌ಡಿ, ಅಂದ್ರೆ ಚಿಪ್ ಮೇಲೆ ಫೈಲ್ ಇಡೋ ವೇಗದ ಡಿಸ್ಕ್ ಹಾಕ್ಸಿ, 256 ಜಿಬಿ ಮನೆ ಕೆಲಸಕ್ಕೆ ಸಾಕು. ಅದೊಂದರಲ್ಲೇ ಸಿಸ್ಟಮ್ ಎದ್ದು ಕೂರುತ್ತೆ, ಪ್ರೊಸೆಸರ್ ತಪ್ಪೇನೂ ಇರಲ್ಲ. ಎಐ ಡೇಟಾ ಸೆಂಟರ್‌ಗಳು ಮೆಮೊರಿ ಚಿಪ್ಪನ್ನೆಲ್ಲಾ ಬಾಚ್ಕೊಳ್ತಿರೋದ್ರಿಂದ 2025ರ ಕೊನೆಯಿಂದ ರ್‍ಯಾಮ್ ರೇಟ್ ಮೇಲೆ ಹೋಗಿದೆ, ಎಸ್‌ಎಸ್‌ಡಿದೂ ಹತ್ತುತ್ತಿದೆ, ಹೊಸ ಲ್ಯಾಪ್‌ಟಾಪ್ ತಗೊಳ್ಳೋಕೆ ಇದು ಒಳ್ಳೇ ಟೈಮ್ ಅಲ್ಲ ಅನ್ನೋದು ನನ್ನ ಅಭಿಪ್ರಾಯ.

ಈಗ ಲಿನಕ್ಸ್, ಅಂದ್ರೆ ವಿಂಡೋಸ್ ಬದಲಿಗೆ ಹಾಕೋ ಪುಕ್ಕಟೆ ಓಎಸ್. ಹೆಸರು ಕೇಳಿದ ತಕ್ಷಣ ಕಪ್ಪು ಸ್ಕ್ರೀನ್‌ನಲ್ಲಿ ಟೈಪ್ ಮಾಡೋದು ಅಂತ ಅನ್ಕೋತಾರೆ, ಹಂಗೇನಿಲ್ಲ. ಲಿನಕ್ಸ್ ಮಿಂಟ್ ಅಂತ ಇದೆ, ಕೆಳಗೆ ಪಟ್ಟಿ, ಎಡಗಡೆ ಮೆನು, ವಿಂಡೋಸ್ 7 ನೋಡಿದೋರಿಗೆ ಹೊಸದು ಅನ್ಸಲ್ಲ. ಮಿಂಟ್ 22ಕ್ಕೆ 2029ರ ತನಕ ಅಪ್ಡೇಟ್ ಇದೆ. ಡೌನ್‌ಲೋಡು 3 ಜಿಬಿ ಆಸುಪಾಸು, ವಿಂಡೋಸ್ 11ದಾದ್ರೆ 5 ಜಿಬಿ ದಾಟುತ್ತೆ. ಇದ್ರಲ್ಲಿ ನನ್ಗೆ ತುಂಬಾ ಇಷ್ಟ ಆಗೋದು ಇನ್‌ಸ್ಟಾಲ್ ಮಾಡ್ದೇನೇ ಪೆನ್‌ಡ್ರೈವ್‌ನಿಂದ ಓಡಿಸಿ ನೋಡ್ಬೋದು ಅನ್ನೋದು. ವೈಫೈ ಬರುತ್ತಾ, ಸೌಂಡ್ ಬರುತ್ತಾ, ಪ್ರಿಂಟರ್ ಸಿಗುತ್ತಾ ಎಲ್ಲಾ ನೋಡ್ಕೊಂಡು ಆಮೇಲೆ ಹಾಕಿ, ಸರಿ ಬರ್ಲಿಲ್ಲ ಅಂದ್ರೆ ಪೆನ್‌ಡ್ರೈವ್ ಕಿತ್ಕೊಂಡು ರೀಸ್ಟಾರ್ಟ್ ಮಾಡಿದ್ರೆ ನಿಮ್ಮ ವಿಂಡೋಸ್ ಇದ್ದಂಗೇ ಇರುತ್ತೆ. ಬ್ರಾಡ್‌ಕಾಮ್ ಚಿಪ್ ಇರೋ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ವೈಫೈ ಮೊದ್ಲಿಗೆ ಬರಲ್ಲ, ಮೊಬೈಲ್‌ನ ಕೇಬಲ್‌ನಲ್ಲಿ ಚುಚ್ಚಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ ಡ್ರೈವರ್ ಇಳಿಸ್ಕೊಂಡ್ರೆ ಬರುತ್ತೆ. ಪಕ್ಕದ ಕೇರಳದಲ್ಲಿ ಸರ್ಕಾರಿ ಶಾಲೆ ಮಕ್ಕಳು ವರ್ಷಾನುಗಟ್ಟಲೆಯಿಂದ ಲಿನಕ್ಸ್‌ನಲ್ಲೇ ಕಲೀತಿದಾರೆ, ಅವ್ರಿಗಿಲ್ಲದ ಕಷ್ಟ ನಮಗ್ಯಾಕೆ.

ಎಲ್ರಿಗೂ ಲಿನಕ್ಸ್ ಅಂತ ನಾನು ಹೇಳ್ತಿಲ್ಲ. ಟ್ಯಾಲಿ ಇರೋರು, ಫೋಟೋಶಾಪ್‌ನಲ್ಲಿ ಆಲ್ಬಮ್ ಮಾಡೋರು, ಆಟೋಕ್ಯಾಡ್‌ನೋರು ವಿಂಡೋಸ್‌ನಲ್ಲೇ ಇರಿ. ಡಿಜಿಟಲ್ ಸಿಗ್ನೇಚರ್ ಟೋಕನ್ ಚುಚ್ಚಿ ಟೆಂಡರ್ ಹಾಕೋ ಕಂಟ್ರಾಕ್ಟರ್‌ಗಳು, ಹೆಬ್ಬೆಟ್ಟು ಮಷೀನ್ ಇಟ್ಕೊಂಡಿರೋರು ಕೂಡ ಅಷ್ಟೇ. ಕ್ಯಾನನ್ ಎಲ್‌ಬಿಪಿ 2900 ಪ್ರಿಂಟರ್ ಇರೋರಿಗೂ ಬೇಡ, ಊರೂರಿನ ಜೆರಾಕ್ಸ್ ಅಂಗಡಿಲಿ ಇರೋದೇ ಅದು, ಸಾಯೋದೂ ಇಲ್ಲ, ಲಿನಕ್ಸ್‌ಗೆ ಸರಿಯಾಗಿ ಒಗ್ಗೋದೂ ಇಲ್ಲ. ಎಚ್‌ಪಿ ಪ್ರಿಂಟರ್‌ಗಳು ಸಾಮಾನ್ಯವಾಗಿ ಚುಚ್ಚಿದ್ರೆ ಬರುತ್ತೆ. ಆದ್ರೆ ಮನೇಲಿ ಪೇಪರ್ ಓದೋದು, ಮೇಲ್, ವಾಟ್ಸಾಪ್ ವೆಬ್, ಬ್ಯಾಂಕು, ಕರೆಂಟ್ ಬಿಲ್ಲು, ಮಕ್ಕಳ ಅರ್ಜಿ, ಒಂದಷ್ಟು ಟೈಪಿಂಗ್, ಇಷ್ಟೇ ಇರೋರಿಗೆ ಬ್ರೌಸರ್ ಇದ್ರೆ ಸಾಕು, ಲಿನಕ್ಸ್ ಧಾರಾಳ ಆಗುತ್ತೆ.

ಹಂಗಾದ್ರೆ ಯಾಕೆ ಹೋಗ್ತಿಲ್ಲ ಜನ? ಅಂಗಡಿಗೆ ಬರೋರನ್ನ ನೋಡಿ ಹೇಳ್ತೀನಿ, ಮೇಷ್ಟ್ರು, ಪಂಚಾಯ್ತಿ ಕೆಲಸದೋರು, ಕಥೆ ಕವಿತೆ ಬರ್ಯೋರು, ದೇವಸ್ಥಾನದ ಕಮಿಟಿಯೋರು, ಎಲ್ರೂ ಕೊನೆಗೆ ಬಂದು ನಿಲ್ಲೋದು ಒಂದೇ ಪ್ರಶ್ನೆಗೆ. ನುಡಿ ಬರುತ್ತಾ? ನನ್ನ ಹಳೇ ಫೈಲ್ ತೆರ್ಕೊಳುತ್ತಾ?

ಟೈಪಿಂಗ್ ಅಂತೂ ಬರುತ್ತೆ. ನುಡಿನಲ್ಲಿ ನಾವು ಒತ್ತೋದು ಕೆ.ಪಿ. ರಾವ್ ಅವ್ರು ಮಾಡಿದ ಕೀಲಿಮಣೆ, ಕನ್ನಡ ಗಣಕ ಪರಿಷತ್ತಿನೋರು ಅದನ್ನ ಎಲ್ಲಾ ಕಡೆ ತಲುಪಿಸಿದ್ರು. ಅದು ಲಿನಕ್ಸ್‌ನಲ್ಲಿ ಮೊದ್ಲೇ ಕೂತಿದೆ, ಕೀಬೋರ್ಡ್ ಸೆಟ್ಟಿಂಗ್ಸ್‌ನಲ್ಲಿ ಲೇಔಟ್ ಸೇರಿಸೋವಾಗ ಕನ್ನಡ ಕಗಪ ಅಂತ ಸಿಗುತ್ತೆ, ಒತ್ತಕ್ಷರಕ್ಕೆ ಅದೇ ಎಫ್ ಕೀ. ಹೆಚ್ಚೇನೂ ಹೊಸದಾಗಿ ಕಲೀಬೇಕಿಲ್ಲ. ತಮಾಷೆ ಏನಂದ್ರೆ ವಿಂಡೋಸ್ ಜೊತೆ ಬರೋ ಕನ್ನಡ ಕೀಬೋರ್ಡ್‌ಗಳಲ್ಲಿ ಇನ್‌ಸ್ಕ್ರಿಪ್ಟ್ ಇದೆ, ಫೋನೆಟಿಕ್ ಇದೆ, ನಮ್ಮ ಕಗಪ ಇಲ್ಲ, ಅದಕ್ಕೆ ನುಡಿ ಬೇರೆ ಹಾಕ್ಬೇಕು. ಗುಬ್ಬಿ, ನವಿಲು ಅಂತ ಒಳ್ಳೇ ಕನ್ನಡ ಫಾಂಟುಗಳೂ ಲಿನಕ್ಸ್‌ನಲ್ಲಿ ಪುಕ್ಕಟೆ ಸಿಗುತ್ವೆ.

ತೊಂದ್ರೆ ಇರೋದು ಹಳೇ ಫೈಲ್‌ಗಳಲ್ಲಿ. ನುಡಿ, ಬರಹ, ಶ್ರೀಲಿಪಿ ಅನ್ನೋ ಸಾಫ್ಟ್‌ವೇರ್‌ಗಳ ಹಳೇ ಫಾಂಟುಗಳಲ್ಲಿ ಟೈಪ್ ಮಾಡಿದ್ದು ಕಂಪ್ಯೂಟರ್ ಲೆಕ್ಕದಲ್ಲಿ ಕನ್ನಡವೇ ಅಲ್ಲ. ಇಂಗ್ಲಿಷ್ ಅಕ್ಷರಗಳ, ಚಿಹ್ನೆಗಳ ಜಾಗದಲ್ಲಿ ಕನ್ನಡದ ಚೂರುಗಳನ್ನ ಕೂರಿಸಿದ್ರು, ಆ ಕಾಲಕ್ಕೆ ಬೇರೆ ದಾರಿ ಇರ್ಲಿಲ್ಲ, ಅದ್ರಿಂದಾನೇ ಕನ್ನಡ ಡಿಟಿಪಿ ಬೆಳೀತು, ಒಪ್ಕೋತೀನಿ. ಆದ್ರೆ ಆ ಫಾಂಟ್ ಇಲ್ದಿರೋ ಸಿಸ್ಟಮ್‌ನಲ್ಲಿ ತೆಗುದ್ರೆ ನ ಇರೋ ಕಡೆ ಪೌಂಡ್ ಚಿಹ್ನೆ, ಅದರ ಪಕ್ಕ ತಲೆ ಮೇಲೆ ಗೆರೆ ಇರೋ ಇಂಗ್ಲಿಷ್ ಎ ಅಕ್ಷರ ಕಾಣುತ್ತೆ. ಹುಡುಕಿದ್ರೆ ಸಿಗಲ್ಲ, ಹೆಸರುಗಳನ್ನ ಅಕಾರಾದಿಲಿ ಜೋಡಿಸೋಕೆ ಆಗಲ್ಲ, ವಾಟ್ಸಾಪ್‌ಗೆ ಕಾಪಿ ಮಾಡಿದ್ರೆ ಕಸ. ಯೂನಿಕೋಡ್ ಅಂದ್ರೆ ಎಲ್ಲಾ ಭಾಷೆಯ ಅಕ್ಷರಕ್ಕೂ ಎಲ್ಲಾ ಕಂಪ್ಯೂಟರ್, ಮೊಬೈಲ್‌ನಲ್ಲಿ ಒಂದೇ ಸಂಕೇತ ಇರೋ ಪದ್ಧತಿ, ಕನ್ನಡಕ್ಕೆ ಅದ್ರಲ್ಲಿ ಜಾಗ ಸಿಕ್ಕಿದ್ದು 1991ರಲ್ಲಿ, ವಿಂಡೋಸ್ ಎಕ್ಸ್‌ಪಿ ಕಾಲಕ್ಕೇ ತುಂಗಾ ಅಂತ ಯೂನಿಕೋಡ್ ಫಾಂಟ್ ಬಂದಿತ್ತು, ಈಗಿನ ನುಡಿ ವರ್ಷನ್‌ಗಳಲ್ಲೂ ಯೂನಿಕೋಡ್ ಆಯ್ಕೆ ಇದೆ, ಯೂನಿಕೋಡ್ ಬಳಸಿ ಅಂತ ಸರ್ಕಾರದ ಆದೇಶನೂ ಆಗಿದೆ, ಆದ್ರೂ ಇವತ್ತಿಗೂ ಜನ ನುಡಿ ತೆಗ್ದ ತಕ್ಷಣ ಫಾಂಟ್ ಪಟ್ಟಿಲಿ ನುಡಿ 01 ಇ ಆರಿಸ್ಕೊಂಡು ಶುರು ಮಾಡ್ತಾರೆ, ಯಾಕಂದ್ರೆ ಆಫೀಸಲ್ಲಿ ಅದೇ ಕೇಳ್ತಾರೆ, ಪ್ರೆಸ್‌ನೋರು ಅದೇ ಕೇಳ್ತಾರೆ.

ಹಂಗಾಗಿ ಓಎಸ್ ಬದಲಾಯಿಸೋಕೆ ಮುಂಚೆ, 11ಕ್ಕೇ ಹೋಗಿ, ಲಿನಕ್ಸ್‌ಗೇ ಹೋಗಿ, ಹಳೇ ಸಿಸ್ಟಮ್ ಇನ್ನೂ ಓಡ್ತಿರೋವಾಗ್ಲೇ ಈ ಕೆಲಸ ಮಾಡಿ. ನುಡಿ ಫಾಂಟ್ ಫೈಲುಗಳನ್ನ ಪೆನ್‌ಡ್ರೈವ್‌ಗೆ ಹಾಕ್ಕೊಳ್ಳಿ, ಲಿನಕ್ಸ್‌ನಲ್ಲಿ ಅವನ್ನ ಇನ್‌ಸ್ಟಾಲ್ ಮಾಡಿದ್ರೆ ವರ್ಡ್ ಥರದ ಲಿಬ್ರೆಆಫೀಸ್‌ನಲ್ಲಿ ಹಳೇ ಡಾಕ್ಯುಮೆಂಟ್ ಓದೋಕಂತೂ ಬರುತ್ತೆ. ಮುಖ್ಯವಾದ ಫೈಲುಗಳನ್ನ ಯೂನಿಕೋಡ್‌ಗೆ ಬದಲಾಯಿಸಿ, ಪುಕ್ಕಟೆ ಕನ್ವರ್ಟರ್‌ಗಳು ನೆಟ್‌ನಲ್ಲಿವೆ. ಬದಲಾಯಿಸಿದ್ಮೇಲೆ ಒಂದ್ಸಲ ಓದಿ. ಅರ್ಕಾವತ್ತು ಹಳೇ ಫಾಂಟ್‌ನಲ್ಲಿ ಅಕ್ಷರ ಆದ್ಮೇಲೆ ಕೂತಿರುತ್ತೆ, ಯೂನಿಕೋಡ್‌ನಲ್ಲಿ ಮೊದ್ಲು ಬರ್ಬೇಕು, ಅಲ್ಲಿ ಎಡವೋ ಕನ್ವರ್ಟರ್‌ಗಳಿವೆ. ಮಧ್ಯೆ ಇಂಗ್ಲಿಷ್ ಪದ ಇದ್ರೆ ಅದನ್ನೂ ಕನ್ನಡ ಅನ್ಕೊಂಡು ಏನೇನೋ ಮಾಡಿಡುತ್ತೆ. ಕಥೆ ಪುಸ್ತಕದಷ್ಟು ದೊಡ್ಡದಿದ್ರೆ ತುಂಡು ತುಂಡಾಗಿ ಮಾಡಿ. ಮೂಲ ಫೈಲ್ ಅಳಿಸ್ಬೇಡಿ, ಜೊತೆಗೊಂದು ಪಿಡಿಎಫ್ ಮಾಡಿಡಿ, ಅದ್ರಲ್ಲಿ ಫಾಂಟ್ ಒಳಗೇ ಸೇರಿರುತ್ತೆ.

ಇಷ್ಟೆಲ್ಲಾ ಓದುಗರು ಮಾಡ್ಕೋಬೋದು. ಆದ್ರೆ ನಿಮ್ಮ ಕಡೆಯಿಂದಾನೂ ಒಂದು ಆಗ್ಬೇಕು ಸಾರ್. ನಿಮ್ಮ ಪೇಪರ್‌ನಲ್ಲಿ ಲೇಖನ ಕಳಿಸೋರಿಗೆ ಅಂತ ಬರೋ ಸೂಚನೆಲಿ ನುಡಿ ಅಥವಾ ಬರಹದಲ್ಲಿ ಟೈಪ್ ಮಾಡಿ ಕಳಿಸಿ ಅಂತ ಇವತ್ತಿಗೂ ಇದೆ, ಯೂನಿಕೋಡ್ ಅನ್ನೋ ಮಾತೇ ಇಲ್ಲ. ನಿಮ್ಮ ಪೇಜ್ ಸೆಟ್ ಮಾಡೋ ಸಾಫ್ಟ್‌ವೇರ್ ಹಳೇದಿರ್ಬೋದು, ಅದ್ರ ಕಷ್ಟ ಡಿಟಿಪಿಯವನಾಗಿ ನನ್ಗೂ ಗೊತ್ತು. ಆದ್ರೆ ಬದಲಾಯಿಸೋ ಕೆಲಸನ ನಿಮ್ಮ ಆಫೀಸ್‌ನಲ್ಲಿ ಒಬ್ರು ಒಂದು ಕಡೆ ಮಾಡಿದ್ರೆ ಆಗೋದನ್ನ, ಬರ್ಯೋ ಪ್ರತಿಯೊಬ್ರೂ ತಮ್ಮ ಮನೇಲಿ ವಿಂಡೋಸು, ನುಡಿ, ಹಳೇ ಫಾಂಟು ಎಲ್ಲಾ ಇಟ್ಕೊಂಡು ಮಾಡ್ಬೇಕಾ? ರಿಟೈರ್ ಆದ ಮೇಷ್ಟ್ರೊಬ್ರು ಮೊಬೈಲ್‌ನಲ್ಲಿ ಚೆನ್ನಾಗಿ ಕನ್ನಡ ಟೈಪ್ ಮಾಡ್ತಾರೆ, ನಿಮ್ಮಲ್ಲಿಗೆ ಕಳಿಸೋಕೆ ಅಂತಾನೇ ನನ್ನ ಅಂಗಡಿಗೆ ಬಂದು ದುಡ್ಡು ಕೊಟ್ಟು ಅದನ್ನೇ ಮತ್ತೆ ನುಡಿಲಿ ಟೈಪ್ ಮಾಡ್ಸ್ತಾರೆ. ನನ್ಗೇನೋ ವ್ಯಾಪಾರ, ಆದ್ರೂ ಸರಿ ಅನ್ಸಲ್ಲ. ಆ ಸೂಚನೆಲಿ ಯೂನಿಕೋಡ್‌ನಲ್ಲೂ ಕಳಿಸ್ಬೋದು ಅಂತ ಒಂದು ಸಾಲು ಸೇರಿಸಿ, ಮೇಲ್‌ನಲ್ಲೇ ನೇರ ಟೈಪ್ ಮಾಡಿದ್ರೂ ತಗೋತೀವಿ ಅಂತ ಹಾಕಿ.

ಈ ಪತ್ರ ಮಿಂಟ್‌ನಲ್ಲಿ, ಯೂನಿಕೋಡ್‌ನಲ್ಲೇ ಟೈಪ್ ಮಾಡಿ ಕಳಿಸ್ತಿದ್ದೀನಿ. ನಿಮ್ಮ ಸಾಫ್ಟ್‌ವೇರ್‌ಗೆ ಬದಲಾಯಿಸೋವಾಗ ಅರ್ಕಾವತ್ತು ಎಲ್ಲಾದ್ರೂ ಆಚೀಚೆ ಆದ್ರೆ ನೋಡಿ ಸರಿ ಮಾಡ್ಕೊಳ್ಳಿ.

ಇಂತಿ,
ನಿಮ್ಮ ಓದುಗ, ತಿಪಟೂರು